ಪಿನ್ ಹೊಡೆದ ಪುಸ್ತಕಗಳ ಲೇಖಕ

ಕಳೆದ ಶುಕ್ರವಾರ ಕತಾರಿನ ಅಲ್ ವಕ್ರಾದಲ್ಲಿ ಗೆಳೆಯ ಜಯರಾಮರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅವರ ಮೊಬೈಲಿಗೆ ಒಂದು ಪೋಲಿ ಕಥೆ ಬಂತು. ಊರಿನ ಹಳೇ ಗೆಳೆಯರ ವಾಟ್ಸಾಪ್ ಗ್ರೂಪಿನಿಂದ.

ಬಂದರೆ ಏನು ಮಾಡಬೇಕು? ಡಿಲೀಟ್ ಮಾಡಬೇಕು. (ಕತಾರಿನಲ್ಲಂತೂ ತಕ್ಷಣ.) ಜಯರಾಮರು ಓದಿದರು. ಸಾರು ತಣ್ಣಗಾಗುವವರೆಗೂ ಓದಿದರು. ಆಮೇಲೆ ನನ್ನತ್ತ ಬಾಗಿ, "ಮಾರಾಯ್ರೆ, ಇದು ನಾನೇ ಬರೆದದ್ದು" ಎಂದರು.

ನನಗೆ ಗೊತ್ತಿದ್ದ ಜಯರಾಮರು ದೋಹಾದ ಮುಶೈರಿಬ್‌ನ ಆಫೀಸೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಒಂದು ಕಾಮಾ ತಪ್ಪಿದರೂ ಫೈಲ್ ವಾಪಸ್ ಕಳಿಸುವ ಮನುಷ್ಯ. ಅದಕ್ಕೂ ಮೊದಲು ಮಂಗಳೂರಿನಲ್ಲಿ ಅವರು ಪಿನ್ ಹೊಡೆದ ಪುಸ್ತಕ ಬರೆಯುತ್ತಿದ್ದರಂತೆ. ನೆನಪಿದೆಯಲ್ಲ? ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ವಾರಪತ್ರಿಕೆಗಳ ಹಿಂದೆ ಇರುತ್ತಿದ್ದವು. ಕೊಳ್ಳದೆ ಯಾರೂ ಬಿಡಿಸಿ ನೋಡಬಾರದೆಂದು ಸುತ್ತಲೂ ಪಿನ್. ಮುಖಪುಟದ ಮೇಲೆ ಯಾವಾಗಲೂ ಹೆಣ್ಣಿನ ಹೆಸರು. ಒಳಗೆ ನಮ್ಮ ಮೀಸೆಯ ಜಯರಾಮರು!

ಆ ವ್ಯಾಪಾರ ನಿಂತಿದ್ದೇ ಆ ಪಿನ್ನಿನ ಮೇಲೆ. ಇಂಟರ್‌ನೆಟ್ ಬಂದು ಎಲ್ಲವನ್ನೂ ಪುಕ್ಕಟೆ ಬಿಡಿಸಿಟ್ಟಿತು. ಪೊಲೀಸ್ ರೇಡಿಗೂ ಮುಚ್ಚದ ಪ್ರೆಸ್ಸು 'ಫ್ರೀ' ಎಂಬ ಒಂದು ಪದಕ್ಕೆ ಮುಚ್ಚಿತು. ಪ್ರಕಾಶಕ ಮದುವೆ ಕಾಗದ ಛಾಪಿಸತೊಡಗಿದ. ಜಯರಾಮರು ದೋಹಾ ವಿಮಾನ ಹತ್ತಿದರು.

"ಹೆಸರು ತೆಗೆದಿದ್ದಾರೆ, ಅದು ಹೋಗ್ಲಿ" ಎಂದರು ಈಗ. "ಕೊನೆಯನ್ನೇ ಕತ್ತರಿಸಿದ್ದಾರೆ ಮಾರಾಯ್ರೆ! ನನ್ನ ಕಥೆಯಲ್ಲಿ ಆ ಹೆಂಗಸು ಟೈಪಿಂಗ್ ಕಲಿತು ಮುಂಬೈಗೆ ಹೋಗ್ತಾಳೆ."

"ಅಲ್ಲಿವರೆಗೆ ಯಾರು ಓದ್ತಿದ್ರು?"

"ಓದಿದವರು ಉಂಟು. ಒಬ್ಬಳು ಪ್ರೆಸ್ಸಿಗೆ ಕಾಗದ ಹಾಕಿದ್ಳು, ನಾನೂ ಟೈಪಿಂಗ್ ಕ್ಲಾಸಿಗೆ ಸೇರಿದೆ ಅಂತ."

ದನಿ ಏರಿತ್ತು. ಅಡುಗೆಮನೆಯಿಂದ ಅವರ ಹೆಂಡತಿ ಶಶಿಕಲಾ ಬಂದರು. "ಎಂತದು? ಯಾವ ಹೆಂಗಸು?"

ಮದುವೆಯಾದ ಮೇಲೆ ಇಷ್ಟೂ ವರ್ಷ ಬಚ್ಚಿಟ್ಟ ವಿಷಯ. ನಾನು ತಟ್ಟೆ ನೋಡುತ್ತ ಕೂತೆ. ಜಯರಾಮರು ತಡವರಿಸುತ್ತಲೇ ಎಲ್ಲವನ್ನೂ ಹೇಳಿದರು.

ಶಶಿಕಲಾ ಮೊಬೈಲ್ ಇಸಿದುಕೊಂಡು ನಿಂತಲ್ಲೇ ಓದಿದರು. (ಅವರು ನರ್ಸ್. ಸುಲಭಕ್ಕೆ ಬೆಚ್ಚುವವರಲ್ಲ.)

"ನನ್ನತ್ರ ಇಷ್ಟು ವರ್ಷ ಹೇಳ್ಲಿಲ್ಲ ನೀವು" ಎಂದರು. ಆ ಮಾತು ತಟ್ಟಿತು. ಜಯರಾಮರು ತಲೆ ತಗ್ಗಿಸಿದರು. ಶಶಿಕಲಾ ಇನ್ನೊಮ್ಮೆ ಮೊಬೈಲ್ ನೋಡಿ, "ಭಾಷೆ ಚಂದ ಉಂಟು. ಪುಸ್ತಕ ಇಲ್ವಾ ನಿಮ್ಮತ್ರ?" ಎಂದರು.

"ಒಂದೂ ಇಲ್ಲ. ಮದುವೆಗೆ ಮೊದಲು ಎಲ್ಲ ಸುಟ್ಟೆ."

"ಹಾಗಾದ್ರೆ ಆ ಕೊನೆ ಬಾಯಲ್ಲೇ ಹೇಳಿ."

ಹೇಳಿದರು. ಮುಂಬೈ ಬಸ್ಸು ಹೊರಡುವವರೆಗೂ ಹೇಳಿದರು. ಶಶಿಕಲಾ ಕುರ್ಚಿ ಎಳೆದು ಕೂತು ಕೇಳಿದರು. ಆಮೇಲೆ ಜಯರಾಮರು ಮೆಸೇಜ್ ಡಿಲೀಟ್ ಮಾಡಿದರು. ಖಲಾಸ್.

ಬರೆದವನು ಸುಟ್ಟಿದ್ದನ್ನು ಕದ್ದವನು ಉಳಿಸಿದ್ದಾನೆ. ಈಗ ಬೈಯುವುದು ಯಾರನ್ನು?