ಸಂಘದ ವಕೀಲರ ಅಕ್ಕ

ನಮ್ಮ ಮನೆಯವರು ವಕೀಲರು. ಕೊಲೆ, ದರೋಡೆಯ ವಕೀಲರಲ್ಲ. ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ವಕೀಲರು. ಮೇಲಿನ ಮನೆಯ ಬಚ್ಚಲು ಕೆಳಗಿನ ಮನೆಗೆ ಸೋರಿದರೆ, ಒಬ್ಬರ ಕಾರು ಇನ್ನೊಬ್ಬರ ಜಾಗದಲ್ಲಿ ನಿಂತರೆ, ತಾರಸಿಯ ಬೀಗದ ಕೈಗಾಗಿ ಜಗಳವಾದರೆ ಇವರನ್ನು ಕರೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಇವರು ನಗಲಿಲ್ಲ.

“ಸಂಘ ಅಂದ್ರೆ ಅಧ್ಯಕ್ಷರಲ್ಲ, ಕಾರ್ಯದರ್ಶಿ ಅಲ್ಲ, ಯಾವುದೋ ಒಂದು ಮನೆಯೋರೂ ಅಲ್ಲ. ಎಲ್ರೂ ಸೇರಿ ಆಗಿದ್ದು ಅದು. ಅದಕ್ಕೆ ಬಾಯಿಲ್ಲ, ನಾನೇ ಅದರ ಬಾಯಿ,” ಎಂದರು.

“ಹಾಗಾದ್ರೆ ನನ್ನ ಸವತಿಗೆ ಐದು ಮಹಡಿ, ಎರಡು ಲಿಫ್ಟು ಅನ್ನಿ,” ಎಂದೆ. ಆಗ ಮಾತ್ರ ನಕ್ಕರು.

ಇವರನ್ನು ಸಾಕಿದ್ದು ಅಕ್ಕ. ಅಮ್ಮ ಹೋದಾಗ ಇವರಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲವಂತೆ. ಅಕ್ಕನೇ ಮೂಗು ಒರೆಸಿ, ತಲೆ ಬಾಚಿ, ಗದರಿಸಿ ಓದಿಸಿದರು. ಇವರ ಕೂದಲು ನೆರೆತ ಮೇಲೂ ಅಕ್ಕನ ಬಾಯಲ್ಲಿ ಇವರು ‘ಪುಟ್ಟ’ನೇ. ಮೂರು ಜನ ಕಕ್ಷಿದಾರರ ಎದುರಿಗೆ ಒಮ್ಮೆ “ಪುಟ್ಟಾ, ಊಟ ಮಾಡಿದ್ಯಾ?” ಎಂದು ಫೋನಿನಲ್ಲಿ ಕೂಗಿ ಇವರ ಮಾನ ಕಳೆದಿದ್ದರು.

ಭಾವ ಬಸ್ ಡ್ರೈವರ್ ಆಗಿದ್ದವರು. ನಿವೃತ್ತರಾದ ಮೇಲೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಗಾಲಿಕುರ್ಚಿ ಬಂತು. ಅವರ ಮನೆ ನೆಲಮಹಡಿಯಲ್ಲಿದ್ದರೂ ಅಂಗಳಕ್ಕೆ ಇಳಿಯಲು ನಾಲ್ಕು ಮೆಟ್ಟಿಲು. ಅಕ್ಕ ಯಾರನ್ನೂ ಕೇಳದೆ ಬಡಗಿಯನ್ನು ಕರೆಸಿ ಮೆಟ್ಟಿಲ ಮೇಲೆ ದಪ್ಪ ಹಲಗೆಯ ಇಳಿಜಾರು ಹಾಕಿಸಿದರು. ಭಾವ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕೂತು, ಹಿಂದಕ್ಕೆ ಬರುವ ಕಾರುಗಳಿಗೆ ಎಡಗೈ ಬೀಸಿ “ಬರ್ಲಿ, ಬರ್ಲಿ, ಸಾಕು” ಎನ್ನುತ್ತಿದ್ದರು. ಆ ಕಟ್ಟಡದಲ್ಲಿ ಅವರನ್ನು ಕೇಳದೆ ಯಾರೂ ಕಾರು ಹಿಂದೆ ತೆಗೆಯುತ್ತಿರಲಿಲ್ಲ.

ಮೆಟ್ಟಿಲಿನ ಮುಕ್ಕಾಲು ಭಾಗ ಹಲಗೆಗೇ ಹೋಯಿತು. ಎರಡನೇ ಮಹಡಿಯ ಅಜ್ಜಿ ಅದರ ಅಂಚಿಗೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕಟ್ಟಡದ ಸಂಘಕ್ಕೆ ದೂರು ಬಂತು. ಮೆಟ್ಟಿಲು ಎಲ್ಲರ ಪಾಲಿನದು, ಒಬ್ಬರು ತಮ್ಮದು ಮಾಡಿಕೊಳ್ಳುವಂತಿಲ್ಲ. ಆ ಸಂಘದ ವಕೀಲರು ನಮ್ಮ ಮನೆಯವರೇ. “ಅವ್ರು ನಮ್ಮಕ್ಕ, ನಾನು ಈ ವಿಷಯದಿಂದ ದೂರ ಇರ್ತೀನಿ,” ಎಂದು ಇವರು ಸಭೆಯಲ್ಲಿ ಹೇಳಿದರಂತೆ. “ನಿಮ್ಮ ಮೇಲೆ ನಂಬಿಕೆ ಇದೆ, ನೀವೇ ನೋಡಿ,” ಎಂದರಂತೆ ಸಂಘದವರು. ಬೇರೆ ವಕೀಲ ಬಂದರೆ ಅಕ್ಕನಿಗೆ ಇನ್ನೂ ಕಷ್ಟವಾದೀತೆಂದು ಇವರು ಒಪ್ಪಿಕೊಂಡರು. ಅದೇ ತಪ್ಪು. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಆದರೆ ಕಕ್ಷಿದಾರರ ಮಾತನ್ನು ಇವರು ಮನೆಯ ಹೊಸ್ತಿಲು ದಾಟಿಸಿದವರೇ ಅಲ್ಲ.

ಇವರು ನೋಟಿಸು ಬರೆದರು. ಹಲಗೆ ತೆಗೆಯಬೇಕು ಎಂದು ಮೊದಲು. ಬದಲಿ ವ್ಯವಸ್ಥೆ ಬೇಕಿದ್ದರೆ ಸಭೆಗೆ ಬಂದು ಕೇಳಿ, ಸಂಘ ಪರಿಶೀಲಿಸಲೇಬೇಕು ಎಂದು ಆಮೇಲೆ. ಪಕ್ಕದ ಬಾಗಿಲಿಗೆ ಸಿಮೆಂಟಿನ ಇಳಿಜಾರು ಕಟ್ಟಲು ಜಾಗವಿತ್ತು. ಅಕ್ಕ ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆದರೆ ಆ ಒಂದು ಮಾತು ಕೇಳು ಎಂದು ಇವರು ಫೋನಿನಲ್ಲಿ ಹೇಳುವಂತಿರಲಿಲ್ಲ. ಎದುರು ಪಕ್ಷದವರಿಗೆ ವಕೀಲರು ಹೇಳಬಹುದಾದ ಬುದ್ಧಿಮಾತು ಒಂದೇ. ಅದನ್ನು ನಮ್ಮ ನಡುಮನೆಯಲ್ಲೇ ನಿಂತು ಹೇಳಿದರು, ನಾನೂ ಕೇಳಿಸಿಕೊಂಡೆ. “ಅಕ್ಕಾ, ನೀನು ಬೇರೆ ವಕೀಲರನ್ನ ನೋಡು.”

ಆ ಕಡೆಯಿಂದ ಅಕ್ಕ ನಕ್ಕದ್ದು ನನಗೂ ಕೇಳಿಸಿತು. “ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೀಬೇಕೇನೋ ಪುಟ್ಟಾ?”

“ತಮಾಷೆ ಅಲ್ಲ ಅಕ್ಕಾ. ನಾನು ನಿನ್ನ ವಕೀಲ ಅಲ್ಲ.”

“ಆಯ್ತಪ್ಪಾ ದೊಡ್ಡ ಮನುಷ್ಯ,” ಎಂದು ಅಕ್ಕ ಫೋನ್ ಇಟ್ಟರು.

ಸಭೆಗೆ ಅಕ್ಕ ಬರಲಿಲ್ಲ. ಅಧ್ಯಕ್ಷರು ಕಾದರು. ಕೇಳದೇ ಇದ್ದುದನ್ನು ಸಂಘಕ್ಕೆ ಕೊಡಲಾಗಲಿಲ್ಲ. ಹಲಗೆ ತೆಗೆಯಬೇಕೆಂದು ತೀರ್ಮಾನವಾಯಿತು.

ಹಲಗೆ ಕೀಳಿಸುವ ದಿನ ಇವರು ಅಲ್ಲಿ ನಿಂತಿರಬೇಕಾಗಿತ್ತು. ಏನು ನಡೆಯುತ್ತಿದೆಯೆಂದು ಆಗಷ್ಟೇ ತಿಳಿದು ನಾನೂ ಹಿಂದೆಯೇ ಓಡಿದೆ. ಹಾಕಿದ ಬಡಗಿಯೇ ಮೊಳೆ ಕೀಳುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತಿದ್ದರು.

“ನೋಟಿಸು ಓದ್ಲಿಲ್ವಾ ಅಕ್ಕಾ?” ಎಂದು ಇವರು ಕೇಳಿದರು.

“ಕವರ್ ಮೇಲೆ ನಿನ್ನ ಹೆಸರಿತ್ತು. ನನ್ನ ತಮ್ಮ ಕಳಿಸಿದ್ದು, ನನಗೆ ಕೆಟ್ಟದ್ದು ಏನಿರತ್ತೆ ಅಂತ ಒಡೀಲೇ ಇಲ್ಲ,” ಎಂದರು ಅಕ್ಕ. ಆಮೇಲೆ ಕೇಳಿದರು, “ನೀನು ಯಾರ ಕಡೆ ಪುಟ್ಟಾ?”

ಸುಳ್ಳು ಹೇಳಬಹುದಿತ್ತು. ಸುಮ್ಮನಿರಬಹುದಿತ್ತು. ನಮ್ಮ ಮನೆಯವರು “ಸಂಘದ ಕಡೆ ಅಕ್ಕಾ” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತಿಗೂ ಆ ಉರಿ ಆರಿಲ್ಲ. ಅಕ್ಕ ಬಾಗಿಲು ಹಾಕಿಕೊಂಡರು.

ಇವರು ಆ ಸಂಘದ ಕೆಲಸ ಬಿಟ್ಟರು. ಬಿಟ್ಟರೂ ಅದೇ ವಿಷಯದಲ್ಲಿ ಅಕ್ಕನ ಪರ ನಿಲ್ಲುವಂತಿರಲಿಲ್ಲ. ನಿನ್ನೆಯವರೆಗೆ ಒಬ್ಬರ ಬಾಯಾಗಿದ್ದವರು ಇವತ್ತು ಅವರ ಮೇಲೇ ತಿರುಗುವಂತಿಲ್ಲವಂತೆ. “ಆ ನಿಯಮಕ್ಕೆ ಬೆಂಕಿ ಬೀಳ್ಲಿ,” ಎಂದೆ. ನಾನೇ ಹೋಗಿ ಅಕ್ಕನ ಹತ್ತಿರ ಗೋಗರೆದೆ. ಈಗಲೂ ಒಂದು ಅರ್ಜಿ ಕೊಡಿ, ಪಕ್ಕದ ಬಾಗಿಲಿಗೆ ಕಟ್ಟಿಸುತ್ತಾರೆ ಎಂದೆ.

“ತಮ್ಮನೇ ಕೊಡದಿದ್ದನ್ನ ಊರವರ ಹತ್ರ ಬೇಡ್ಲಾ?” ಎಂದರು ಅಕ್ಕ. ಒಳಗೆ ಕಿಟಕಿಯ ಹತ್ತಿರ ಭಾವ ಕೂತಿದ್ದರು. ಹೊರಗೆ ಯಾವುದೋ ಕಾರು ಹಿಂದಕ್ಕೆ ಬರುವ ಸದ್ದಾಯಿತು. ಭಾವನ ಎಡಗೈ ಮೇಲೆದ್ದಿತು. “ಬರ್ಲಿ, ಬರ್ಲಿ,” ಎಂದರು. ಕಾರಿನವರಿಗೆ ಅದು ಕೇಳಿಸಲಿಲ್ಲ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಬಂದೆ.

ಚಳಿಗಾಲ ಮುಗಿಯುವ ಮೊದಲೇ ಭಾವ ಹೋದರು. ಅಷ್ಟು ದಿನವೂ ಅಂಗಳಕ್ಕೆ ಇಳಿಯಲಿಲ್ಲ. ಈಗ ಇಳಿಸಲು ಕಟ್ಟಡದ ಗಂಡಸರೆಲ್ಲ ಬಂದು ನಿಂತರು. ಮಣಿಕಟ್ಟು ಮುರಿದಿದ್ದ ಅಜ್ಜಿಯ ಮಗನೂ ಬಂದಿದ್ದ. ಇವರು ಕರಿಕೋಟನ್ನು ನನ್ನ ಕೈಗೆ ಕೊಟ್ಟು, ತಲೆಯ ಕಡೆ ಹೆಗಲು ಕೊಡಲು ಬಗ್ಗಿದರು.

ಅಕ್ಕ ಅಳುತ್ತಿರಲಿಲ್ಲ. ಮೆತ್ತಗೆ, ಮನೆಗೆ ಬಂದ ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು.

“ನೀವು ಯಾಕೆ ತೊಂದ್ರೆ ತಗೋತೀರಿ ವಕೀಲರೇ? ಹೊರೋಕೆ ನಮ್ಮ ಕಡೆಯವರು ಇದ್ದಾರೆ.”

ಇವರು ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಗೆ ಒತ್ತಿ ನಿಂತರು. ಹೊತ್ತವರು ನಾಲ್ಕು ಮೆಟ್ಟಿಲು ಇಳಿದು ಹೋದರು.