ಅಪ್ಪಾಸಾಹೇಬರ ಅಂಗೈ

ಪುಣೆಯ ಕಾತ್ರಜ ಚೌಕ ದಾಟಿ ಸಾತಾರಾ ಕಡೆಗೆ ಸ್ವಲ್ಪ ಮುಂದೆ ಬಂದರೆ ಎಡಕ್ಕೊಂದು ತಗಡಿನ ಶೆಡ್ಡು. ಅದರ ಎದುರಿಗೇ ನನ್ನ ವಾಹನ ಬಿಡಿಭಾಗಗಳ ಅಂಗಡಿ. ನಾನು ನಿಪ್ಪಾಣಿಯವನು, ಶೆಡ್ಡಿನ ಅಪ್ಪಾಸಾಹೇಬರು ಅಥಣಿ ಕಡೆಯವರು. ದಿನವಿಡೀ ಗಿರಾಕಿಗಳೊಂದಿಗೆ ಮರಾಠಿಯಲ್ಲಿ ಹೆಣಗಿ, ಚಹಾದ ಹೊತ್ತಿಗೆ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು. ಬೂಟು ಕಳಚಿಟ್ಟಷ್ಟು ಹಾಯೆನಿಸುತ್ತಿತ್ತು.

ಅಪ್ಪಾಸಾಹೇಬರದು ವ್ಹೀಲ್ ಅಲೈನ್‌ಮೆಂಟ್ ಕೆಲಸ. ಚಕ್ರಗಳು ಒಂದಕ್ಕೊಂದು ನೇರವಾಗಿವೆಯೇ, ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ಎಂದು ನೋಡಿ ಸರಿಪಡಿಸುವುದು. ಅವರ ಬಳಿ ಬರುತ್ತಿದ್ದುದು ಹೆಚ್ಚಾಗಿ ಪಿಕಪ್ ಗಾಡಿಗಳು. ಈರುಳ್ಳಿ, ಮರಳು, ಫರ್ಶಿಕಲ್ಲು, ಮದುವೆಯ ಪೆಂಡಾಲು, ಹೀಗೆ ಹೊರಲಾರದಷ್ಟು ಹೊತ್ತು ಓಡಾಡುವ ಗಾಡಿಗಳು. ಶೆಡ್ಡಿನಲ್ಲಿ ಕಂಪ್ಯೂಟರ್ ಯಂತ್ರವಿತ್ತು. ಆದರೆ ಅಪ್ಪಾಸಾಹೇಬರು ಗಾಡಿಯನ್ನು ಯಂತ್ರಕ್ಕೆ ಹತ್ತಿಸುವ ಮೊದಲು ಮುಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಮೆಲ್ಲಗೆ ಸವರುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಕಾಣುತ್ತಿತ್ತು.

"ಯಂತ್ರ ಇದ್ದಾಗ ಕೈ ಯಾಕ್ರಿ?" ಎಂದು ನಾನೊಮ್ಮೆ ಕೇಳಿದ್ದೆ.

"ಗಾಡಿ ಈಗ ಹೆಂಗ ನಿಂತದ ಅನ್ನೂದು ಯಂತ್ರ ಹೇಳ್ತದ್ರಿ. ಹೇರು ಹೊತ್ತು ಹೆಂಗ ಓಡಿ ಬಂದದ ಅನ್ನೂದು ಟೈರ್ ಹೇಳ್ತದ. ನನ್ನ ಕಡೆ ಬರೂಮುಂದ ಎಲ್ಲಾರೂ ಗಾಡಿ ಖಾಲಿ ಮಾಡ್ಕೊಂಡು ಬರ್ತಾರ. ಖಾಲಿ ಇದ್ದಾಗ ಯಾವ ಗಾಡಿ ಆದ್ರೂ ಸುಳ್ಳ ಹೇಳ್ತದ."

ಅವರ ಹೆಂಡತಿ ಚನ್ನಬಸವ್ವ ಆಂಬೇಗಾಂವದ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದರು. ಮಗಳು ಪೂರ್ವಾ ಮದುವೆಯಾಗಿ ಮೀರಜಿಗೆ ಹೋದಮೇಲೆ ಮನೆಯಲ್ಲಿ ಇಬ್ಬರೇ, ಜೊತೆಗೆ ಹೊಲಿಗೆ ಯಂತ್ರದ ಸದ್ದು. ಮಧ್ಯಾಹ್ನ ಬುತ್ತಿ ಹಿಡಿದು ಬರುತ್ತಿದ್ದ ಚನ್ನಬಸವ್ವ ಶೆಡ್ಡಿನ ಹೊರಗೆ ನಿಂತೇ ಕೊಟ್ಟು ಹೋಗುತ್ತಿದ್ದರು. ಒಳಗಿನ ಎಣ್ಣೆಯ ಕರಿ ಕೈಗೆ ಹತ್ತಿದರೆ ಹೊಲಿಯುವ ಬಟ್ಟೆ ಕೆಡುತ್ತದೆ ಎಂಬ ಅಂಜಿಕೆ.

ಅಪ್ಪಾಸಾಹೇಬರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಗುಳಿಗೆ ನುಂಗುತ್ತಿದ್ದರು, ನೆನಪಾದಾಗ. ಕಾಲು ಜುಮ್ಮೆನ್ನುತ್ತದೆ ಎಂದು ಆಗಾಗ ಹೇಳುತ್ತಿದ್ದವರು ಕ್ರಮೇಣ ಹೇಳುವುದನ್ನು ನಿಲ್ಲಿಸಿದರು. ಜುಮ್ಮೆನ್ನುವುದೂ ನಿಂತಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ. ಕಾಲಿನ ಸ್ಪರ್ಶ ಮೊದಲು ಹೋಯಿತು, ಅದರ ಹಿಂದೆಯೇ ಬೆರಳುಗಳದ್ದು. ಗಾಜಿನ ಲೋಟದ ಚಹಾ ಬಿಸಿಯಿದೆಯೋ ಆರಿದೆಯೋ ತುಟಿಗೆ ತಾಗುವವರೆಗೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಇಷ್ಟಾದರೂ ಅವರು ಗಾಡಿಗಳ ಪಕ್ಕ ಕೂತು ಅಂಗೈ ಸವರುವುದನ್ನು ಬಿಟ್ಟಿರಲಿಲ್ಲ. ಏನೂ ತಿಳಿಯದಿದ್ದಾಗ ತಲೆಯಾಡಿಸಿ ಯಂತ್ರ ಹೇಳಿದ್ದನ್ನೇ ಹೇಳುತ್ತಿದ್ದರು.

ಹಾಗೆ ತಲೆಯಾಡಿಸಿ ಕಳಿಸಿದ ಗಾಡಿಗಳಲ್ಲಿ ಮಾಂತುವಿನದೂ ಒಂದು. ಮಾಂತು ಇಂಡಿ ತಾಲೂಕಿನ ಹುಡುಗ. ಸ್ವಂತ ಪಿಕಪ್ ಇಟ್ಟುಕೊಂಡು ಖೇಡ್ ಶಿವಾಪುರದ ನರ್ಸರಿಗಳಿಂದ ಖರಾಡಿಯ ದೊಡ್ಡ ದೊಡ್ಡ ವಸತಿ ಸಂಕೀರ್ಣಗಳಿಗೆ ಹೂಗಿಡ, ಕುಂಡ, ಮಣ್ಣು ಸಾಗಿಸುತ್ತಿದ್ದ. ಮುಂದಿನ ಟೈರುಗಳು ಒಳಬದಿಯಲ್ಲಿ ಬೇಗ ಸವೆಯುತ್ತಿವೆ ಎಂದು ಬಂದಿದ್ದ. ಯಂತ್ರ ಎಲ್ಲ ಸರಿ ಎಂದಿತು. ಅಪ್ಪಾಸಾಹೇಬರ ಅಂಗೈ ಏನೂ ಹೇಳಲಿಲ್ಲ. "ಹವಾ ಬರೋಬ್ಬರಿ ಇಡು, ಏನಾಗೂದಿಲ್ಲ" ಎಂದು ಕಳಿಸಿಬಿಟ್ಟರು.

ಮಳೆಗಾಲದ ಒಂದು ಬೆಳಿಗ್ಗೆ, ಕಾತ್ರಜದ ಹೊಸ ಸುರಂಗ ದಾಟಿ ಪುಣೆಯ ಕಡೆಗೆ ಇಳಿಜಾರಿನಲ್ಲಿ ಬರುತ್ತಿದ್ದಾಗ ಆ ಪಿಕಪ್ಪಿನ ಮುಂದಿನ ಎಡ ಟೈರು ಸಿಡಿಯಿತು. ಗಾಡಿ ಅಡ್ಡಾದಿಡ್ಡಿಯಾಗಿ ಹೋಗಿ ರಸ್ತೆ ಬದಿಯ ಮಣ್ಣಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಹಿಂದೆ ದೊಡ್ಡ ಲಾರಿಯೊಂದು ಬರುತ್ತಿತ್ತು, ಅದರ ಚಾಲಕ ಹೇಗೋ ಪಕ್ಕಕ್ಕೆ ಹೊರಳಿಸಿ ಡಿಕ್ಕಿ ತಪ್ಪಿಸಿದ. ಮಾಂತುವಿನ ಮೊಣಕೈ ತರಚಿತ್ತು, ಬೇರೇನೂ ಆಗಲಿಲ್ಲ. ರಸ್ತೆಯ ತುಂಬ ದಾಸವಾಳದ ಗಿಡಗಳು ಬಿದ್ದಿದ್ದವಂತೆ.

ಸಂಜೆ ಅವನು ಹರಿದ ಟೈರನ್ನು ಉರುಳಿಸಿಕೊಂಡು ಶೆಡ್ಡಿಗೆ ಬಂದ. ಜಗಳಕ್ಕೆ ಬಂದವನಲ್ಲ. "ಯಾಕ ಹಿಂಗಾತು ಕಾಕಾ, ಸ್ವಲ್ಪ ನೋಡ್ರಿ" ಎಂದ. ಅಪ್ಪಾಸಾಹೇಬರು ಟೈರನ್ನು ತಿರುಗಿಸಿದರು. ಒಳಬದಿಯ ರಬ್ಬರು ಪೂರ್ತಿ ಸವೆದು ತಂತಿ ಹೊರಬಂದಿತ್ತು. ಆ ಅಂಚಿನ ಮೇಲೆ ಅವರು ಬೆರಳು ಎಳೆದರು. ತಂತಿಯ ಚೂರೊಂದು ಬೆರಳನ್ನು ಗೀರಿ ರಕ್ತ ಬಂತು. ಅವರು ರಕ್ತವನ್ನು ನೋಡುತ್ತಾ ನಿಂತರು, ಕೈ ಹಿಂದೆಗೆಯಲಿಲ್ಲ.

"ಈಗ ನೋಡ್ಲಿಕ್ಕ ಆಗೂದಿಲ್ಲ ಮಾಂತು. ಬ್ಯಾರೆ ಕಡೆ ತೋರ್ಸು" ಎಂದರು. ಮರುದಿನ ಶೆಡ್ಡು ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ. ಬಂದ ಚಾಲಕರು ಬೀಗ ನೋಡಿ ನನ್ನ ಅಂಗಡಿಗೆ ಬಂದು, ಅಪ್ಪಾಸಾಹೇಬರು ಊರಿಗೆ ಹೋದರೇನು ಎಂದು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ.

ಮನೆಯಲ್ಲಿ ನಡೆದದ್ದನ್ನು ಚನ್ನಬಸವ್ವನೇ ಮುಂದೆ ನನಗೆ ಹೇಳಿದರು. ದಣಿವಾಗಿದೆ ಎಂದು ಗಂಡ ಮನೆಯಲ್ಲೇ ಕೂತಿದ್ದರು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಹೆದ್ದಾರಿಯ ಸದ್ದು ಕೇಳುತ್ತಾ ಇರುವುದು, ಕರೆದರೆ ಊಟಕ್ಕೆ ಬರುವುದು, ಅಷ್ಟೇ. ಒಂದು ದಿನ ಬೆಳಿಗ್ಗೆ ಅವರು ಬಚ್ಚಲಿನಿಂದ ಬಂದ ದಾರಿಯುದ್ದಕ್ಕೂ ಫರ್ಶಿಯ ಮೇಲೆ ಕೆಂಪು ಚುಕ್ಕೆಗಳು ಕಂಡವು. ಚನ್ನಬಸವ್ವ ಅವರನ್ನು ಕೂರಿಸಿ ಪಾದ ಎತ್ತಿ ನೋಡಿದರೆ ಹಿಮ್ಮಡಿಯಲ್ಲಿ ಹೊಲಿಗೆಯ ಸೂಜಿ. ಅರ್ಧ ಒಳಗೆ ಹೋಗಿತ್ತು.

"ಇಷ್ಟೊತ್ತು ಹಿಂಗ ಅಡ್ಡಾಡಿದ್ರ್ಯಾ?" ಎಂದು ಕೇಳುತ್ತಾ ಸೂಜಿ ಕಿತ್ತರು. ಗಂಡನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದನ್ನು ಕಂಡು ಚನ್ನಬಸವ್ವನಿಗೆ ಸೂಜಿಗಿಂತ ಹೆಚ್ಚು ಹೆದರಿಕೆಯಾಯಿತು.

"ಕಣ್ಣ ಮುಚ್ಚರಿ."

ಅವರು ಮುಚ್ಚಿದರು. ಚನ್ನಬಸವ್ವ ಅವರ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ತೋರುಬೆರಳಿನ ತುದಿ ಹಿಡಿದರು.

"ಯಾವ ಬೆರಳ ಹಿಡದೇನಿ?"

ಅಪ್ಪಾಸಾಹೇಬರು "ಗೊತ್ತಾಗವಲ್ದು" ಎಂದರು. ಆಮೇಲೆ ಕಣ್ಣು ತೆರೆಯದೆಯೇ ಎಲ್ಲವನ್ನೂ ಹೇಳಿದರು. ಮಾಂತುವಿನ ಟೈರು, ಮಣ್ಣಿನ ಗುಡ್ಡೆ, ಹಿಂದೆ ಬರುತ್ತಿದ್ದ ಲಾರಿ. "ಅಂವ ಸತ್ತಿದ್ರ ನಾ ಏನ್ ಮಾಡ್ತಿದ್ದೆ? ನನ್ನ ಕೈ ಸತ್ತು ಭಾಳ ದಿನಾ ಆಗ್ಯಾವ. ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಖರೇ ಆಗ್ತದ ಅನಿಸ್ತು."

ಚನ್ನಬಸವ್ವ ಬೈಯಲಿಲ್ಲ. ಹಿಮ್ಮಡಿಗೆ ಅರಿಶಿನ ಒತ್ತಿ, ಹಳೆಯ ಕುಪ್ಪಸದ ಮೆತ್ತನೆಯ ಅಸ್ತರು ಹರಿದು ಕಟ್ಟಿದರು. ಅದೇ ದಿನ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು.

ಡಾಕ್ಟರು ಪಂಕಜಾಕ್ಷಿ ಮೈಸೂರು ಕಡೆಯವರು, ಕಾತ್ರಜದಲ್ಲೇ ದವಾಖಾನೆ. ಅರಿಶಿನದ ಕಟ್ಟು ಬಿಚ್ಚಿ ಗಾಯ ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟು, ಮಿಡಿದರೆ ಕಂಪಿಸುವ ಒಂದು ಸಣ್ಣ ಟ್ಯೂನಿಂಗ್ ಫೋರ್ಕನ್ನು ಮಿಡಿದು ಪಾದಕ್ಕೂ ಬೆರಳಿಗೂ ತಾಗಿಸಿ ನೋಡಿದರು. "ಶುಗರ್ ಜಾಸ್ತಿಯಾಗಿ ನರ್ವ್ಸ್ ಡ್ಯಾಮೇಜ್ ಆಗಿದೆ. ಹೋಗಿರೋದು ಪೂರ್ತಿ ವಾಪಸ್ ಬರುತ್ತೆ ಅಂತ ಪ್ರಾಮಿಸ್ ಮಾಡೋಕಾಗಲ್ಲ. ಆದ್ರೆ ಇನ್ನೂ ಹೋಗದ ಹಾಗೆ ತಡೀಬಹುದು. ಅವರ ಪಾದ ಅವರಿಗೆ ಏನೂ ಹೇಳಲ್ಲ ಅಮ್ಮ, ನೀವೇ ದಿನಾ ನೋಡಬೇಕು" ಎಂದರು. ಚನ್ನಬಸವ್ವ ತಲೆಯಾಡಿಸಿದರು.

ಬರುವಾಗ ರಿಕ್ಷಾದಲ್ಲಿ ಅಪ್ಪಾಸಾಹೇಬರು, ಯಂತ್ರ ಮಾರಿಬಿಡೋಣ ಎಂಬ ಮಾತು ತೆಗೆದರು.

"ಮಾರೂದು ಬ್ಯಾಡ. ನಾಳೆ ಬೀಗ ತಗೀರಿ, ನಾನೂ ಬರ್ತೀನಿ."

"ನೀ ಬಂದು ಏನ್ ಮಾಡ್ತಿ?"

"ನಾ ಮುಟ್ಟಿ ಹೇಳ್ತೀನಿ. ಅದು ಏನಂತ ನೀವು ಹೇಳ್ರಿ."

ಮರುದಿನ ಶೆಡ್ಡಿನ ಬಾಗಿಲು ತೆರೆದದ್ದನ್ನು ಕಂಡು ನಾನು ಅಂಗಡಿಯಿಂದ ಎದ್ದುಹೋದೆ. ಚನ್ನಬಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಲ್ಲಿ ಗುಡ್ಡೆ ಹಾಕಿದ್ದ ಹಳೆಯ ಟೈರುಗಳ ಮುಂದೆ ಕೂತಿದ್ದರು. ಅಪ್ಪಾಸಾಹೇಬರು ಅವರ ಕೈಯ ಮೇಲೆ ತಮ್ಮ ಕೈಯಿಟ್ಟು ಟೈರಿನ ಮೇಲೆ ಎಳೆಯುತ್ತಿದ್ದರು. "ಒತ್ತಬ್ಯಾಡ. ಸವರಬೇಕು, ಅಷ್ಟ." ನಾನು ಕೆಮ್ಮಿದೆ. ಇಬ್ಬರೂ ಕೈ ತೆಗೆಯಲಿಲ್ಲ.

ಮೊದಮೊದಲು ಚನ್ನಬಸವ್ವನಿಗೆ ಎಲ್ಲ ಟೈರೂ ಒಂದೇ ಆಗಿತ್ತು, ಬರೀ ಕರಿ, ಬರೀ ಧೂಳು. ಒಂದು ದಿನ ಅಳುಮೋರೆ ಮಾಡಿಕೊಂಡು ಮನೆಗೆ ಹೋಗಿಬಿಟ್ಟಿದ್ದರು. ಮತ್ತೆ ಬಂದರು. ಹೊಲಿಗೆಯ ಮಾತಿನಲ್ಲಿ ಯೋಚಿಸತೊಡಗಿದ ಮೇಲೆ ಅವರಿಗೆ ತಿಳಿಯುತ್ತಾ ಹೋಯಿತು. ಒಂದು ಟೈರು ಮುಟ್ಟಿ, "ಇದು ಮಖಮಲ್ ಇದ್ದಂಗ ಅದ್ರಿ. ಒಂದು ಕಡಿಗೆ ಸವರಿದ್ರ ನುಣ್ಣಗ, ತಿರುಗಿ ಬಂದ್ರ ತಡೀತದ" ಎಂದರು. ಇನ್ನೊಂದಕ್ಕೆ, "ಇದು ನೆರಿಗಿ ಬಿದ್ದದ" ಎಂದರು. ಮಖಮಲ್ ಎಂದರೆ ಚಕ್ರಗಳ ಮೂತಿ ಸೊಟ್ಟಗಿದೆ, ನೆರಿಗೆ ಎಂದರೆ ಶಾಕ್ ಅಬ್ಸಾರ್ಬರ್ ಕೆಟ್ಟಿದೆ ಎಂದು ಅಪ್ಪಾಸಾಹೇಬರು ಅರ್ಥ ಹೇಳಿದರು. ಆಮೇಲೆ ಅವರೂ ಹೆಂಡತಿಯ ಮಾತನ್ನೇ ಆಡತೊಡಗಿದರು. ಎದುರಿನ ಅಂಗಡಿಯಲ್ಲಿ ಕೂತ ನನಗೆ ದಿನವೂ ಕೇಳಿಸುತ್ತಿತ್ತು: "ಮಖಮಲ್ಲೋ, ನೆರಿಗ್ಯೋ?"

ಮಾಂತುವನ್ನು ಕರೆಸಿದ್ದು ಆಮೇಲೆ. ಅವನು ಎಡಕ್ಕೆ ಹೊಸ ಟೈರು ಹಾಕಿಸಿಕೊಂಡು ಜೋಪಾನವಾಗಿ ಹತ್ತಿರದ ಬಾಡಿಗೆ ಮಾತ್ರ ಮಾಡಿಕೊಂಡಿದ್ದ. ಬಲಗಡೆಯದು ಹಳೆಯದೇ. ಚನ್ನಬಸವ್ವ ಅದರ ಪಕ್ಕ ಕೂತು ಸವರಿದರು. ಸಂಶಯ ಬಂದು ಮತ್ತೊಮ್ಮೆ ಸವರಿದರು.

"ಒಳಗಿಂದ ಹೊರಗ ಹೋದ್ರ ಮೆತ್ತಗದ. ಹೊರಗಿಂದ ಒಳಗ ಬಂದ್ರ ಉಗುರಿನಂಗ ತಾಗ್ತದ್ರಿ."

ಅಪ್ಪಾಸಾಹೇಬರು ಯಂತ್ರದ ಪರದೆಯನ್ನು ಇನ್ನೊಮ್ಮೆ ನೋಡಿದರು. ಅದು ಈಗಲೂ ಎಲ್ಲ ಸರಿ ಎನ್ನುತ್ತಿತ್ತು. "ಅಂದ್ರ ನಿಂತಾಗ ನೆಟ್ಟಗ ಅದ. ಓಡೂಮುಂದ ಚಕ್ರದ ಮೂತಿ ಹೊರಕ್ಕ ಹೋಗ್ತದ. ಏನೋ ಸಡಲ ಆಗ್ಯದ" ಎಂದು ಗಾಡಿಯನ್ನು ಜ್ಯಾಕಿನಿಂದ ಎತ್ತಿಸಿದರು. ಹೆಂಡತಿಯ ಕೈಯನ್ನು ಚಕ್ರದ ಹಿಂದೆ, ಸ್ಟಿಯರಿಂಗ್ ಸರಳು ಬಂದು ಕೂಡುವ ಗಂಟಿನ ಮೇಲೆ ಇಡಿಸಿ, ತಾವು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದರು.

"ಟಕ್ ಅಂತು" ಎಂದರು ಚನ್ನಬಸವ್ವ.

"ಮತ್ತ?"

"ಮತ್ತ ಅಂತು. ಸಣ್ಣದದ, ಖರೇ ಅದ."

ಆ ಗಂಟನ್ನು ಟೈ ರಾಡ್ ಎಂಡ್ ಅನ್ನುತ್ತಾರೆ. ನನ್ನ ಅಂಗಡಿಯಿಂದಲೇ ಹೊಸ ಜೋಡಿ ತಂದುಕೊಟ್ಟೆ. ಹಾಕಿ, ಅಳತೆ ಸರಿಮಾಡಿದ ಮೇಲೆ ಅಪ್ಪಾಸಾಹೇಬರು ಮಾಂತುವನ್ನು ಸ್ಟೂಲಿನ ಮೇಲೆ ಕೂರಿಸಿದರು. ತಾವು ಎದುರಿಗೆ ನಿಂತರು.

"ಹೋದ ಸರ್ತೀನೂ ಇದ ಇತ್ತು ಮಾಂತು. ನನ್ನ ಕೈಗೆ ಗೊತ್ತಾಗಲಿಲ್ಲ. ಸಕ್ಕರಿಯಿಂದ ಬೆರಳ ಸತ್ತಾವ. ಅದನ್ನ ಮುಚ್ಚಿಟ್ಟು ನಿನ್ನ ರಸ್ತಾಕ್ಕ ಕಳಿಸಿದೆ."

ಮಾಂತು ಅವರ ಕೈಯನ್ನೇ ನೋಡಿದ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ ನಾನು. ಸಿಟ್ಟು ಬಂದೂ ಇರಬಹುದು, ದವಡೆ ಬಿಗಿಯಾಗಿತ್ತು. ಕೊನೆಗೆ ಅವನು ಕೇಳಿದ್ದು ಬೇರೆಯೇ.

"ಕಾಲಿಗೂ ಹಿಂಗ ಆಗ್ತದೇನ್ರಿ?"

"ಕಾಲಿಗೇ ಮೊದಲ."

"ನಮ್ಮವ್ವಗೂ ಸಕ್ಕರಿ ಅದ. ಬರಿಗಾಲಾಗ ಅಡ್ಡಾಡ್ತಾಳ, ಆಕಿ ಕಾಲು ಯಾರೂ ನೋಡಿಲ್ಲ" ಎಂದ ಮಾಂತು.

ಅಪ್ಪಾಸಾಹೇಬರು ಹೇರು ಹಾಕಿ ಓಡಿಸಿ ನೋಡದೆ ಗಾಡಿಯನ್ನು ಬಿಟ್ಟುಕೊಡಲಿಲ್ಲ. ಹಿತ್ತಿಲಿನ ಟೈರುಗಳನ್ನೂ ಅಂಗಡಿ ದುರಸ್ತಿಗೆಂದು ನಾನು ತರಿಸಿಟ್ಟಿದ್ದ ಸಿಮೆಂಟು ಚೀಲಗಳನ್ನೂ ಹೇರಿಕೊಂಡು ಮೂವರೂ ಮುಂದೆ ಕೂತು ಘಾಟಿನ ಕಡೆ ಹೋದರು. ಚನ್ನಬಸವ್ವ ನಡುವೆ. ನೆಟ್ಟಗಿನ ರಸ್ತೆಯಲ್ಲಿ ಮಾಂತು ಸ್ಟಿಯರಿಂಗಿನಿಂದ ಕೈ ಸ್ವಲ್ಪ ಸಡಿಲಿಸಿದನಂತೆ. ಗಾಡಿ ಅತ್ತ ಇತ್ತ ಸರಿಯಲಿಲ್ಲ. ಚನ್ನಬಸವ್ವ ಮಾತ್ರ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕೈ ಬಿಡಬ್ಯಾಡಪ್ಪ, ನನಗ ನನ್ನ ಮ್ಯಾಲೆ ಅಷ್ಟು ಭರವಸೆ ಇಲ್ಲ ಎಂದರಂತೆ. ಮೂವರೂ ನಗುತ್ತಾ ಹಿಂತಿರುಗಿದ್ದನ್ನು ನಾನೇ ನೋಡಿದೆ.

ಈಗ ಮರಾಠಿ ಚಾಲಕರು ಬಂದು ಮೊದಲು ಕೇಳುವುದು "ವಹಿನೀ ಆಹೇತ್ ಕಾ?" ಎಂದು, ಅತ್ತಿಗೆ ಇದ್ದಾರೆಯೇ ಎಂದು. ಹೊಲಿಗೆ ಯಂತ್ರ ಶೆಡ್ಡಿನ ಒಂದು ಮೂಲೆಗೆ ಬಂದಿದೆ. ಅದರ ಪಕ್ಕ ಸಾಬೂನು, ಬಕೆಟ್ಟು. ಕೈ ತೊಳೆದು ಹೊಲಿಯುವುದು, ಗಾಡಿ ಬಂದರೆ ಎದ್ದುಹೋಗುವುದು. ಅಪ್ಪಾಸಾಹೇಬರ ಸಕ್ಕರೆ ಹತೋಟಿಗೆ ಬಂದಿದೆ. ಹೆಬ್ಬೆರಳಿನಲ್ಲಿ ಚೂರು ಬಿಸಿ ತಿಳಿಯುತ್ತದೆ ಎನ್ನುತ್ತಾರೆ. ಉಳಿದದ್ದು ಹಾಗೆಯೇ ಇದೆ.

ಮೊನ್ನೆ ಸೋಮವಾರ ಮಾಂತು ತನ್ನ ತಾಯಿ ಸಾಬವ್ವನನ್ನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಪಂಕಜಾಕ್ಷಿ ಡಾಕ್ಟರ ಬಳಿಗೆ ಹೊರಟಿದ್ದರು. ಮುದುಕಿಗೆ ಹೆದರಿಕೆ, ಗಾಡಿಯಿಂದ ಇಳಿಯಲೊಲ್ಲಳು. ಚನ್ನಬಸವ್ವ ಸವರುತ್ತಿದ್ದ ಟೈರು ಬಿಟ್ಟು ಎದ್ದು ಹೋಗಿ ಗಾಡಿಯ ಬಾಗಿಲು ತೆರೆದು ಅವಳ ಪಾದಕ್ಕೆ ಕೈ ಹಾಕಿದರು. ಸಾಬವ್ವ ನಾಚಿ ಕಾಲು ಹಿಂದೆಳೆದುಕೊಂಡಳು.

"ಬ್ಯಾಡ ತಂಗಿ, ಭಾಳ ಕೆಸರಾಗ್ಯಾವ."

"ನನ್ನ ಕೈ ಎಷ್ಟು ಕರ್ರಗ ಅದಾವ ನೋಡ್ರಿ" ಎಂದು ಚನ್ನಬಸವ್ವ ಎರಡೂ ಅಂಗೈ ತೋರಿಸಿದರು. "ಒಳಗ ಬರ್ರಿ. ಮೊದಲ ಇಬ್ಬರೂ ತೊಳಕೊಳ್ಳೂಣು."