ಗೌರಕ್ಕನನ್ನು ಯಾರೂ ಇಳಿಸಬೇಡಿ

ಗೌರಕ್ಕಾ, ವೈದ್ಯರು ಕೊಟ್ಟ ಪತ್ರವನ್ನು ಎಂಟು ತಿಂಗಳು ಮುಚ್ಚಿಟ್ಟವಳು ನಾನು. ಅವ್ವನಿಗೆ ತೋರಿಸಲಿಲ್ಲ, ನಿನಗೂ ಓದಿ ಹೇಳಲಿಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬೇಗ ಬರಬಹುದು, ನಿನ್ನಲ್ಲಿ ಅದರ ಲಕ್ಷಣಗಳಿವೆ, ಪರೀಕ್ಷೆ ಮಾಡಿಸಿ — ಅಷ್ಟೇ ಬರೆದಿತ್ತು.

ಏಕೆ ಮುಚ್ಚಿಟ್ಟೆ? ಅಂಗವಿಕಲರ ಹಕ್ಕುಗಳ ಸಭೆ ಸಭೆಗಳಲ್ಲಿ ನಿನ್ನನ್ನೇ ತೋರಿಸಿ ಮಾತನಾಡುತ್ತಿದ್ದವಳು ನಾನು. ‘ಇಂಥವರಿಂದ ಏನೂ ಆಗದು’ ಎನ್ನುವ ಸಮಾಜಕ್ಕೆ ನೀನೇ ನನ್ನ ಉತ್ತರ — ಶಿರಂಗಾಲದಿಂದ ಒಬ್ಬಳೇ ಬಸ್ಸು ಹತ್ತಿ, ಕುಶಾಲನಗರದಲ್ಲಿ ಕಾಫಿ ಬೀಜ ಆರಿಸಿ, ಸಂಜೆ ಒಬ್ಬಳೇ ಮರಳುವವಳು. ಕೆಟ್ಟ ಕರಿ ಬೀಜ ಸಿಕ್ಕರೆ “ಥೂ ಕಳ್ಳ, ಇಲ್ಲಿ ಅಡಗಿದ್ಯಾ?” ಎಂದು ಬೈದು, ಸಾಲಿನಲ್ಲಿ ಕೂತವರನ್ನೆಲ್ಲ ನಗಿಸುವವಳು. ಆ ಉತ್ತರ ಕೈತಪ್ಪುತ್ತದೆಂಬ ಭಯಕ್ಕೆ — ನೀನು ನನ್ನ ಅಕ್ಕ ಎಂಬುದನ್ನೇ ಬದಿಗಿಟ್ಟೆ.

ಇನ್ನೊಂದು ತಪ್ಪು ಇದಕ್ಕಿಂತ ಕ್ರೂರವಾದದ್ದು. ನಮ್ಮೂರು ಬಂದಾಗ ಕಂಡಕ್ಟರು “ಏಳವ್ವ ಗೌರಕ್ಕ, ನಿಮ್ಮೂರು ಬಂತು” ಎಂದು ಕರೆದು ಇಳಿಸತೊಡಗಿದ್ದರು. ನಿನಗೆ ಊರಿನ ಗುರುತು ಹತ್ತುತ್ತಿಲ್ಲವೆಂದು ಅವರು ಕಂಡುಕೊಂಡಿದ್ದರು. ನಾನು ಬಸ್ಸಿನ ಬಾಗಿಲಲ್ಲೇ ಅವರನ್ನು ತಡೆದೆ.

“ಅವಳನ್ನ ಮಗು ಥರ ಇಳಿಸ್ಬೇಡಿ. ಅದು ಅವಳಿಗೆ ಅವಮಾನ. ಅವಳೇ ಇಳೀತಾಳೆ.”

“ಆಯ್ತು ಮೇಡಂ. ನೀವು ಓದಿದೋರು.”

ಮರುದಿನ ನೀನು ಇಳಿಯಲಿಲ್ಲ. ಬಸ್ಸು ಕೊಣನೂರು ಮುಟ್ಟಿ, ಎಲ್ಲರೂ ಇಳಿದುಹೋದ ಮೇಲೂ ಊಟದ ಡಬ್ಬಿ ತಬ್ಬಿಕೊಂಡು ಕೂತಿದ್ದೆಯಂತೆ. ಬಟ್ಟೆ ಒದ್ದೆಯಾಗಿತ್ತು. ಸುದ್ದಿ ತಿಳಿದು ನಾನು ಅಲ್ಲಿಗೆ ಓಡಿ ಬಂದಾಗ ನಿನಗಿದ್ದದ್ದು ಒಂದೇ ದುಃಖ.

“ಕಂಡಕ್ಟರಣ್ಣ ನನ್ ಜೊತೆ ಟೂ ಬಿಟ್ಟವ್ನೆ ಕಣೆ. ಮಾತೇ ಆಡ್ಲಿಲ್ಲ. ನಾನೇನ್ ಮಾಡ್ದೆ?”

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. “ಅವರಿಗೆ ಮರ್ತೋಗಿರ್ಬೇಕು, ಬಾ” ಎಂದೆ. ಮರೆವನ್ನೂ ಆ ಒಳ್ಳೆಯ ಮನುಷ್ಯನ ಮೇಲೆಯೇ ಹೊರಿಸಿದೆ.

ಅವರಲ್ಲಿ ಕ್ಷಮೆ ಕೇಳಿದ್ದೇನೆ. ನಿನ್ನಲ್ಲಿ ಹೇಗೆ ಕೇಳಲಿ — ಆ ಸಂಜೆಯೇ ಈಗ ನಿನ್ನಲ್ಲಿ ಉಳಿದಿಲ್ಲ. ಅದು ನನಗೆ ಸಿಕ್ಕ ಬಿಡುಗಡೆಯೆಂದು ನಾನು ತಿಳಿಯಲಾರೆ.

ಇಂದು ಬೆಳಿಗ್ಗೆ ನಾನು ನಿನ್ನ ಜಡೆ ಹೆಣೆಯುವಾಗ ನೀನು ನನ್ನ ಕೆನ್ನೆ ತಟ್ಟಿ ಕೇಳಿದೆ, “ಯಾರ ಮಗಳವ್ವ ನೀನು?”

ನಾನು ಅವ್ವನ ಹೆಸರು ಹೇಳಿದೆ.

“ಓ... ಹಂಗಾರೆ ನಮ್ಮೋಳೇ!” ಎಂದು ನೀನು ನಕ್ಕೆ.

ಆ ಮಾತಿಗೆ ನಾನಿನ್ನೂ ತಕ್ಕವಳಾಗಿಲ್ಲ, ಅಕ್ಕಾ.